ಘಾಟಿನ ಆ ಕಡೆ ಏನೈತಿ?

ಭಾನುವಾರ ಬೆಳಗಿನ ಐದು ಗಂಟೆಗೆ ಕೊಂಢವಾದ ಖಡಿ ಮಶಿನ್ ಚೌಕವನ್ನು ನೋಡಬೇಕು. ವಾರವಿಡೀ ಲಾರಿ, ನೀರಿನ ಟ್ಯಾಂಕರ್, ಸಿಮೆಂಟ್ ಮಿಕ್ಸರ್‌ಗಳ ನಡುವೆ ಉಸಿರು ಕಟ್ಟಿಕೊಂಡು ದಾಟುವ ಆ ಚೌಕ ಆಗ ಮಾತ್ರ ನಮ್ಮದು. ತಲೆಗೆ ಹೆಲ್ಮೆಟ್, ಹಿಂದೆ ಮಿಣುಕುವ ಕೆಂಪು ದೀಪ, ಜೇಬಿನಲ್ಲಿ ಎರಡು ಬಾಳೆಹಣ್ಣು. ಹೀಗೆ ಹತ್ತಾರು ಸೈಕಲ್ಲುಗಳು ಯೇವಲೇವಾಡಿ ದಾಟಿ ಬೋಪದೇವ ಘಾಟಿನ ಕಡೆ ತಿರುಗುತ್ತವೆ. ಅದರಲ್ಲಿ ನನ್ನದೂ ಒಂದು.

ಎರಡು ವರ್ಷದ ಹಿಂದಿನ ಮಾತು. ಘಾಟು ಏರಿ, ನೆತ್ತಿಯ ಮೇಲಿನ ಚಹಾದಂಗಡಿಯ ಮುಂದೆ ಸೈಕಲ್ ಒರಗಿಸಿ, ಬೆವರು ಒರೆಸಿಕೊಳ್ಳುತ್ತಿದ್ದಾಗ ಊರಿನಿಂದ ಅಪ್ಪನ ಫೋನ್ ಬಂತು.

"ಎಲ್ಲಿದ್ದಿ ತಮ್ಮಾ?"

"ಘಾಟಿನ ಮ್ಯಾಲ ಅದೀನಿ ಅಪ್ಪಾ. ಸೈಕಲ್ ಹೊಡ್ಕೊಂಡು ಬಂದೀನಿ."

"ಹೌದೇನು? ಆ ಕಡೆ ಏನೈತಿ?"

"ಸಾಸವಡ ಅಂತ ಊರು. ನಾ ಹೋಗಿಲ್ಲ. ಇಲ್ಲಿ ತನಕ ಏರಿ, ಚಹಾ ಕುಡದು ತಿರುಗಿ ಬರ್ತೀನಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಕಡೆ ಇಳೀಲಾರದ ಘಾಟ ಯಾಕ ಏರ್ತಿ?" ಅಂದರು. ನಕ್ಕು ಫೋನ್ ಇಟ್ಟೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಘಾಟು ಇಳಿಯಿತು. ಅಷ್ಟರಲ್ಲಾಗಲೇ ನಾನು ಬೋಪದೇವ ಏರಿದ್ದು ನೂರು ಸಲ ದಾಟಿತ್ತು. ಆ್ಯಪ್‌ನಲ್ಲಿ ಲೆಕ್ಕ ಇದೆ. ಒಂದು ಸಲವೂ ಆ ಕಡೆ ಇಳಿದಿರಲಿಲ್ಲ.

ಬಯಲಿನ ಹುಡುಗ

ನಾನು ಇಂಡಿ ತಾಲ್ಲೂಕಿನವನು. ನಮ್ಮ ಕಡೆ ಎತ್ತರ ಅಂದರೆ ಭೀಮಾ ನದಿಯ ದಂಡೆ, ಇಲ್ಲವೇ ಕಣದಲ್ಲಿ ಒಟ್ಟಿದ ಕಣಿಕಿಯ ಬಣವೆ. ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಮೆಟ್ಟಿಲು ಹತ್ತಿದ್ದೇ ನನ್ನ ಬಾಲ್ಯದ ಪರ್ವತಾರೋಹಣ. ಮುಂದೆ ಎಂ.ಟೆಕ್ ಮಾಡಲು ಸುರತ್ಕಲ್ಲಿಗೆ ಹೋದಾಗ ಬಸ್ಸು ಚಾರ್ಮಾಡಿ ಇಳಿಯುವುದನ್ನು ಕಿಟಕಿಯಲ್ಲಿ ಬಾಯಿ ಬಿಟ್ಟು ನೋಡಿದ್ದೆ. ಹಾಸ್ಟೆಲಿನ ಕರಾವಳಿ ಹುಡುಗರು ನನ್ನನ್ನು "ಘಟ್ಟದ ಮೇಲಿನವ" ಎಂದು ಕರೆಯುತ್ತಿದ್ದರು. ಘಟ್ಟವನ್ನೇ ಕಾಣದೆ ಬೆಳೆದವನಿಗೆ ಅದರ ಮೇಲಿನವ ಎಂಬ ಬಿರುದು!

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲ ಐದಾರು ವರ್ಷ ಸಹ್ಯಾದ್ರಿಯ ಮಡಿಲಲ್ಲಿದ್ದೂ ಸಹ್ಯಾದ್ರಿಯನ್ನು ನೋಡಲಿಲ್ಲ. ಆಫೀಸು, ಅಮೆರಿಕದ ಕಾಲ್, ಮನೆಯ ಕಂತು. 2020ರ ಲಾಕ್‌ಡೌನ್ ಸಡಿಲವಾದಾಗ ಎಲ್ಲರಂತೆ ನಾನೂ ಒಂದು ಗೇರ್ ಸೈಕಲ್ ಕೊಂಡೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗೆರೆ ಮುಟ್ಟಿ ನಿಂತಿತ್ತು. ಹೆಂಡತಿ, "ಸೈಕಲ್ ತೊಗೊಂಡ್ರಿ ಅಂದಮ್ಯಾಲ ಬಾಲ್ಕನಿಯೊಳಗ ಇಟ್ಟು ಅರಿವಿ ಒಣಹಾಕಬ್ಯಾಡ್ರಿ" ಎಂದು ಎಚ್ಚರಿಸಿದ್ದಳು. ಪುಣೆಗೆ ಒಂದು ಕಾಲದಲ್ಲಿ ಸೈಕಲ್ಲುಗಳ ನಗರ ಎಂದೇ ಹೆಸರಿತ್ತು. ಈಗ ಆ ಹೆಸರು ಉಳಿದಿರುವುದು ಭಾನುವಾರದ ಬೆಳಗಿನ ಎರಡು ಗಂಟೆ ಮಾತ್ರ.

ಮೊದಲ ದಿನ ಬೋಪದೇವದ ಅರ್ಧದಲ್ಲೇ ಇಳಿದು ತಳ್ಳಿದೆ. ಏರು ನಾಲ್ಕು ಕಿಲೋಮೀಟರ್ ಆಸುಪಾಸು ಅಷ್ಟೇ. ಆದರೆ ತಿರುವುಗಳಲ್ಲಿ ಅದು ಎದೆಯ ಮೇಲೆ ಕೂತ ಹಾಗೆ ಆಗುತ್ತದೆ. ತಿಂಗಳೊಳಗೆ ಇಳಿಯದೆ ಏರಿದೆ. ಆಮೇಲೆ ನಿಮಿಷಗಳ ಲೆಕ್ಕ ಶುರುವಾಯಿತು. ನಲವತ್ತು, ಮೂವತ್ತೈದು, ಮೂವತ್ತು. ಕೋಡ್ ಬರೆಯುವವರ ರೋಗವೇ ಅದು. ಯಾವುದಕ್ಕಾದರೂ ಒಂದು ಸಂಖ್ಯೆ ಸಿಕ್ಕಿತೋ, ಅದನ್ನು ಕಡಿಮೆ ಮಾಡದೆ ನಿದ್ದೆ ಬರುವುದಿಲ್ಲ.

ಒಂದೇ ಕುಲದ ಕಲ್ಲು

ಸೈಕಲ್ ಆದ ಮೇಲೆ ಕಾಲ್ನಡಿಗೆ ಬಂತು. ಸಿಂಹಗಡ, ರಾಜಗಡ, 1,403 ಮೀಟರಿನ ತೋರಣಾ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ 1,646 ಮೀಟರಿನ ಕಳಸೂಬಾಯಿ. ಒಂದೊಂದನ್ನೂ ಏರಿ, ಮೇಲೆ ಫೋಟೋ ತೆಗೆದು, ಪಟ್ಟಿಯಲ್ಲಿ ಗುರುತು ಹಾಕಿದೆ. ಜೊತೆಗೆ ಬರುವ ಮರಾಠಿ ಗೆಳೆಯರಿಗೆ ನಾನು ವಿಜಾಪುರದವನು ಎಂಬುದೇ ದೊಡ್ಡ ತಮಾಷೆ. ಅವರ ಕೋಟೆಗಳ ಕಥೆಯಲ್ಲೆಲ್ಲ ವಿಜಾಪುರ ಎದುರಾಳಿ. ತೋರಣಾವನ್ನು ಶಿವಾಜಿ 1646ರ ಹೊತ್ತಿಗೆ ಗೆದ್ದದ್ದು ನಮ್ಮ ಊರಿನ ಆದಿಲಶಾಹಿಯಿಂದ. ಅಫಜಲಖಾನ ಹೊರಟದ್ದು ನಮ್ಮ ಊರಿಂದ, 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಸತ್ತ. "ಬಾ, ಬಾ, ನಿನ್ನ ಸೈನ್ಯ ಎಲ್ಲಿ?" ಎಂದು ಪ್ರತಿ ಕೋಟೆಯ ಬಾಗಿಲಲ್ಲೂ ಯಾರಾದರೊಬ್ಬರು ಕೇಳುತ್ತಾರೆ. "ಏದುಸಿರು ಬಿಡ್ತಾ ಹಿಂದೆ ಬರ್ತಾ ಇದೆ" ಅನ್ನುತ್ತೇನೆ.

ಆದರೆ ಕಾಲಡಿಯ ಕಲ್ಲಿಗೆ ಈ ಜಗಳ ಗೊತ್ತಿಲ್ಲ. ಸಹ್ಯಾದ್ರಿಯ ಈ ಭಾಗ ಇಡೀ ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಿದು, ಆರಿ, ಗಟ್ಟಿಯಾದದ್ದು. ಭೂವಿಜ್ಞಾನಿಗಳು ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅನ್ನುತ್ತಾರೆ. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು. ದೂರದಿಂದ ನೋಡಿದರೆ ಗುಡ್ಡಗಳು ನಿಜಕ್ಕೂ ಮೆಟ್ಟಿಲು ಕಡಿದ ಹಾಗೆ ಕಾಣುತ್ತವೆ. ಗಟ್ಟಿ ಪದರ ಗೋಡೆಯಂತೆ ನೆಟ್ಟಗೆ ನಿಂತರೆ, ಮೆದು ಪದರ ಇಳಿಜಾರಾಗಿ ಜಾರುತ್ತದೆ. ಆ ಇಳಿಜಾರಿನ ಸಡಿಲ ಹರಳಿಗೆ ಇಲ್ಲಿಯವರು 'ಘಸಾರಾ' ಅನ್ನುತ್ತಾರೆ. ಏರುವಾಗ ಅದು ಗೊತ್ತೇ ಆಗುವುದಿಲ್ಲ. ಇಳಿಯುವಾಗ ಕಾಲಡಿ ಜೋಳ ಸುರಿದ ಹಾಗೆ ಹೊರಳುತ್ತದೆ.

ಇದೇ ಲಾವಾದ ಹಾಸು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ತನಕ ಹಬ್ಬಿದೆ. ಗೋಳಗುಮ್ಮಟ ಕಟ್ಟಿದ್ದು ಇದೇ ಕುಲದ ಕಪ್ಪು ಕಲ್ಲಿನಿಂದ. ಅಪ್ಪನ ಎರಿ ಹೊಲದ ಮಣ್ಣೂ ಇದೇ ಕಲ್ಲು ಕಾಲಾಂತರದಲ್ಲಿ ಪುಡಿಯಾಗಿ ಆದದ್ದು. ನಮ್ಮ ಬಡಾವಣೆಯ ಖಡಿ ಮಶಿನ್ ಚೌಕದ ಹೆಸರೂ ಈ ಕಲ್ಲಿನದೇ. ಗುಡ್ಡ ಒಡೆದು ಖಡಿ ಮಾಡುವ ಯಂತ್ರದ ಹೆಸರು ಚೌಕಕ್ಕೆ ಅಂಟಿಕೊಂಡಿದೆ. ನಾನು ಏರುವುದೂ ಆ ಕಲ್ಲನ್ನೇ, ಮಲಗುವುದೂ ಆ ಕಲ್ಲಿನ ಖಡಿ ಹಾಕಿದ ಹನ್ನೊಂದನೇ ಮಹಡಿಯಲ್ಲೇ. ಗುಡ್ಡ ಪ್ರೀತಿಸುವವನು ಇದನ್ನು ಮರೆಯಬಾರದು ಎಂದು ಆಗಾಗ ಅನಿಸುತ್ತದೆ.

ಎರಡೇ ಗುಡ್ಡ ಉಳಿದಾವ

ಸಂಖ್ಯೆಗಳ ಹುಚ್ಚು ಇಳಿದದ್ದು ಒಂದು ಮಾರ್ಚ್ ತಿಂಗಳ ಶನಿವಾರ. ಕಾತ್ರಜದ ಹಳೇ ಸುರಂಗದ ಹತ್ತಿರದಿಂದ ಸಿಂಹಗಡದವರೆಗೆ ಗುಡ್ಡಸಾಲಿನ ಬೆನ್ನ ಮೇಲೇ ನಡೆಯುವ ಚಾರಣವೊಂದಿದೆ. ಹನ್ನೆರಡಕ್ಕೂ ಹೆಚ್ಚು ಗುಡ್ಡ ಏರಿ ಇಳಿಯಬೇಕು. ನೆರಳಿಲ್ಲ, ದಾರಿಯಲ್ಲಿ ನೀರಿಲ್ಲ. ಅದಕ್ಕೇ ತಿಳಿದವರು ಬೆಳದಿಂಗಳ ರಾತ್ರಿ ಹೋಗುತ್ತಾರೆ. ನಾವು ಮೂವರು ಹಗಲಲ್ಲಿ ಹೊರಟೆವು. ಆರಕ್ಕೆ ಶುರು ಮಾಡಬೇಕಿದ್ದದ್ದು, ಒಬ್ಬನ ಹಿಂದಿನ ರಾತ್ರಿಯ ರಿಲೀಸ್ ಮುಗಿಯದೆ ಎಂಟೂವರೆಯಾಯಿತು. ತಲಾ ಎರಡು ಲೀಟರ್ ನೀರು.

ಹನ್ನೆರಡೂವರೆಗೆ ಅರ್ಧ ದಾರಿ ಮುಗಿದಿತ್ತು, ನೀರು ಪೂರ್ತಿ ಮುಗಿದಿತ್ತು. ನಮ್ಮಲ್ಲೊಬ್ಬ ಒಡಿಶಾದ ಗೆಳೆಯ. ಯಾವಾಗಲೂ ಹರಟುವವನು ಸುಮ್ಮನಾಗಿದ್ದ. ಮುಖ ಕೆಂಪಾಗಿತ್ತು, ಬೆವರು ನಿಂತಿತ್ತು. ಕೇಳಿದ್ದಕ್ಕೆಲ್ಲ ಎರಡು ಸಲ ಹೇಳಿದ ಮೇಲೆ ಉತ್ತರ ಬರುತ್ತಿತ್ತು. ನಾನು ಫೋನ್ ನೋಡಿ, "ಇನ್ನೆರಡು ಗುಡ್ಡ ದಾಟೋಣ, ಆಮೇಲೆ ಕೂರೋಣ" ಅಂದೆ. ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಅವನ ಮುಖ ನೋಡುವ ಬದಲು ನಾನು ಪರದೆಯ ಮೇಲಿನ ಗೆರೆ ನೋಡುತ್ತಿದ್ದೆ.

ಅಷ್ಟರಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು ಎದುರಾದರು. ಹೆಗಲ ಮೇಲೆ ಕೋಲು, ತಲೆಗೆ ಪೇಟ. ನಮ್ಮ ಗೆಳೆಯನನ್ನು ಒಂದು ಸಲ ನೋಡಿದರು. ನಮ್ಮ ಯೋಜನೆ ಕೇಳಲೇ ಇಲ್ಲ. "ಶಿಖರಾಕಡೇ ನಕಾ ಬಘೂ, ಖಿಂಡೀಕಡೇ ಬಘಾ" ಅಂದರು. ಶಿಖರದ ಕಡೆ ನೋಡಬೇಡಿ, ಖಿಂಡಿಯ ಕಡೆ ನೋಡಿ ಅಂತ. ಖಿಂಡ ಅಂದರೆ ಗುಡ್ಡಸಾಲಿನ ನಡುವಿನ ತಗ್ಗು, ದಾಟುವ ಬಾಯಿ. ನನ್ನ ಕಿವಿಗೆ ಅದು ನಮ್ಮ 'ಕಿಂಡಿ' ಎಂದೇ ಕೇಳಿಸಿತು.

ಆ ಖಿಂಡಿಯಿಂದ ಒಂದು ಕಾಲುದಾರಿ ಕೆಳಗಿನ ವಸ್ತಿಗೆ ಇಳಿದಿತ್ತು. ನಾವು ನಿಂತಲ್ಲಿಂದ ಇಪ್ಪತ್ತೇ ಹೆಜ್ಜೆ, ಆದರೂ ಕಂಡಿರಲಿಲ್ಲ. ಅಜ್ಜ ಮುಂದೆ, ಗೆಳೆಯನ ಎರಡೂ ತೋಳು ಹಿಡಿದು ನಾವು ಹಿಂದೆ. ಮುಕ್ಕಾಲು ಗಂಟೆಯಲ್ಲಿ ಬಾವಿಯ ಹತ್ತಿರ ಇದ್ದೆವು. ಮನೆಯವರು ಅವನನ್ನು ಬೇವಿನ ನೆರಳಲ್ಲಿ ಮಲಗಿಸಿ, ಶರ್ಟು ಬಿಚ್ಚಿ, ಒದ್ದೆ ಬಟ್ಟೆ ಹೊದಿಸಿ, ಬೀಸಣಿಗೆ ಹಿಡಿದರು. ಎಚ್ಚರವಾಗಿ ಮಾತಾಡತೊಡಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಗುಟುಕು ಗುಟುಕಾಗಿ ಕೊಟ್ಟರು. ಊರಿನ ಟೆಂಪೊ ಒಂದರಲ್ಲಿ ಆಸ್ಪತ್ರೆಗೆ ಹೋದೆವು. ಸಲೈನ್ ಹಾಕಿದ ವೈದ್ಯರು, "ಇನ್ನೊಂದು ಗಂಟೆ ನಡೆದಿದ್ದರೆ ಈ ಮಾತು ಹೇಳಲು ಇವನು ಇರುತ್ತಿರಲಿಲ್ಲವೇನೋ" ಅಂದರು. ಎರಡೇ ಗುಡ್ಡ ಉಳಿದಿದ್ದವು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವತ್ತು ಸಂಜೆ ಆ ಅಜ್ಜನಿಗೆ ಫೋನ್ ಮಾಡಿ ಸುದ್ದಿ ಹೇಳಿದಾಗ ಅವರು ಹೇಳಿದ ಮಾತಿನ ಸಾರ ಇದು: ಶಿಖರಕ್ಕೆ ದಾರಿ ಇರಬಹುದು, ಇಲ್ಲದಿರಬಹುದು. ಅಲ್ಲಿ ಯಾರಿಗೆ ಏನು ಕೆಲಸ? ಖಿಂಡಿಗೆ ಮಾತ್ರ ಎರಡೂ ಕಡೆಯಿಂದ ದಾರಿ ಇದ್ದೇ ಇರುತ್ತದೆ. ಈ ಕಡೆಯ ಹುಡುಗಿಯನ್ನು ಆ ಕಡೆ ಕೊಟ್ಟಿರುತ್ತಾರೆ, ಆ ಕಡೆಯ ಸಂತೆಗೆ ಈ ಕಡೆಯವರು ಹೋಗುತ್ತಾರೆ.

ಅಂದಿನಿಂದ ನಾನು ಪಾಲಿಸುವ ಕೆಲವು ನಿಯಮಗಳಿವೆ. ನಕ್ಷೆಯಲ್ಲಿ ಮೊದಲು ಗುರುತು ಹಾಕುವುದು ಇಳಿಯಬಹುದಾದ ಖಿಂಡಿಗಳನ್ನು, ಆಮೇಲೆ ಶಿಖರವನ್ನು. ಬೇಸಿಗೆಯಲ್ಲಿ ತಲಾ ನಾಲ್ಕು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪುಡಿ. ತಿರುಗುವ ಗಂಟೆಯನ್ನು ಮನೆಯಲ್ಲೇ ನಿಶ್ಚಯಿಸಿ ಹೆಂಡತಿಗೆ ಹೇಳಿ ಹೊರಡುವುದು. ಆ ಗಂಟೆಗೆ ತುದಿ ಹತ್ತೇ ನಿಮಿಷ ದೂರವಿದ್ದರೂ ಸರಿ, ತಿರುಗುವುದು. ಗುಂಪಿನ ವೇಗ ಅಂದರೆ ಎಲ್ಲರಿಗಿಂತ ಹಿಂದಿರುವವನ ವೇಗ. ಮಳೆಗಾಲದಲ್ಲಿ ಜಿಲ್ಲಾಡಳಿತ ಮುಚ್ಚಿದ ಜಲಪಾತ, ಕೋಟೆಗಳ ಕಡೆ ತಲೆ ಹಾಕುವುದಿಲ್ಲ. ಸೈಕಲ್ ಮೇಲೆ ಘಾಟು ಇಳಿಯುವಾಗ ಬ್ರೇಕ್ ಒತ್ತಿಯೇ ಹಿಡಿಯುವುದಿಲ್ಲ, ತಿರುವಿಗೆ ಮುಂಚೆ ಒತ್ತಿ, ತಿರುವಿನಲ್ಲಿ ಬಿಡುವುದು. ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ನಾವು ಅಸಡ್ಡೆ ಮಾಡುವುದೂ ಅದಕ್ಕೇ.

ದಾಟುವ ಬಾಯಿಗಳು

ಖಿಂಡಿಗಳ ಕಡೆ ನೋಡಲು ಶುರು ಮಾಡಿದ ಮೇಲೆ ಸಹ್ಯಾದ್ರಿ ಬೇರೆಯಾಗಿಯೇ ಕಂಡಿತು. ಜುನ್ನರದ ಹತ್ತಿರದ ನಾಣೇಘಾಟಕ್ಕೆ ಹೋದೆ. ಕೊಂಕಣದ ಬಂದರುಗಳಿಂದ ಮೇಲಿನ ಬಯಲಿಗೆ ಸರಕು ಬರುತ್ತಿದ್ದ ಹಳೆಯ ದಾರಿ ಅದು. ಖಿಂಡಿಯ ನೆತ್ತಿಯಲ್ಲಿರುವ ಗುಹೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಶಾಸನವಿದೆ, ಸುಮಾರು ಎರಡು ಸಾವಿರ ವರ್ಷ ಹಳೆಯದು, ಬ್ರಾಹ್ಮಿ ಲಿಪಿಯಲ್ಲಿ. ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ನಾಣ್ಯಗಳ ಲೆಕ್ಕವನ್ನು ಅಂಕಿಗಳಲ್ಲೇ ಕೆತ್ತಿದ್ದಾರೆ. ಭಾರತದ ಅಂಕಿಗಳ ಚರಿತ್ರೆ ಓದುವವರೆಲ್ಲ ಆ ಗೋಡೆಯ ಮುಂದೆ ನಿಲ್ಲಲೇಬೇಕು. ಪಕ್ಕದಲ್ಲಿ ಕಲ್ಲಿನ ದೊಡ್ಡ ಹರವಿಯಿದೆ. ಸುಂಕದ ಹಣ ಹಾಕುತ್ತಿದ್ದದ್ದು ಅದರಲ್ಲೇ ಎಂದು ಹೇಳುತ್ತಾರೆ. ಫಾಸ್ಟ್ಯಾಗ್‌ನ ಅಜ್ಜ!

ನಾವು ಪ್ರತಿ ದೀಪಾವಳಿ, ಯುಗಾದಿಗೆ ರಾತ್ರಿ ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ದಾಟುವ ಕಾತ್ರಜ, ಖಂಬಾಟಕಿಗಳೂ ಇಂಥವೇ. ಬೆಂಗಳೂರು ಹೆದ್ದಾರಿಯ ಆ ಸುರಂಗ, ತಿರುವುಗಳನ್ನು ಪುಣೆಯ ಎಷ್ಟು ಕನ್ನಡಿಗರು ಕಿಟಕಿ ಪರದೆ ಎಳೆದುಕೊಂಡು ದಾಟಿಲ್ಲ? ನಮ್ಮನ್ನು ಇಲ್ಲಿಗೆ ತಂದದ್ದೂ, ಹಬ್ಬಕ್ಕೆ ಊರಿಗೆ ಮುಟ್ಟಿಸುವುದೂ ಶಿಖರಗಳಲ್ಲ, ಈ ಖಿಂಡಿಗಳೇ. ಆದರೂ ನನ್ನ ಮನೆಯ ಹಿಂದಿನ ಬೋಪದೇವದ ಆ ಕಡೆಗೆ ನಾನು ಇನ್ನೂ ಇಳಿದಿರಲಿಲ್ಲ. ಏನೋ ಸಂಕೋಚ. ಇಳಿದರೆ ಮತ್ತೆ ಏರಿ ಬರಬೇಕಲ್ಲ ಎಂಬ ಸೋಮಾರಿತನವೂ ಹೌದು.

ದಿವೇ ಘಾಟಿನಲ್ಲಿ ಅಪ್ಪ

ಅವ್ವ ತೀರಿಕೊಂಡ ಮೇಲೆ ಅಪ್ಪ ಊರಲ್ಲಿ ಒಬ್ಬರೇ. ನಾಲ್ಕೆಕರೆ ಎರಿ ಹೊಲ, ಒಂದೆಕರೆ ನಿಂಬೆ. ಪುಣೆಗೆ ಬಾ ಎಂದರೆ, "ಹನ್ನೊಂದನೇ ಅಂತಸ್ತಿನ್ಯಾಗ ಕುಂತು ನಾ ಏನ ಮಾಡ್ಲಿ?" ಅನ್ನುತ್ತಾರೆ. ಅವರು ಫೋನಿನಲ್ಲಿ ಕೇಳುವುದು ಎರಡೇ: ಮೊಮ್ಮಗಳು ಹೇಗಿದ್ದಾಳೆ, ಅಲ್ಲಿ ಮಳಿ ಹ್ಯಾಂಗೈತಿ. ಎರಡನೆಯದು ಉಪಚಾರದ ಮಾತಲ್ಲ. ಭೀಮಾ ದಂಡೆಯ ರೈತನಿಗೆ ಪುಣೆಯ ಘಾಟುಗಳ ಮಳೆಯೆಂದರೆ ಉಜನಿ ಅಣೆಕಟ್ಟಿನ ನೀರು. ಅದು ಬಾರದಿದ್ದರೂ ಕಷ್ಟ, ಒಮ್ಮೆಲೇ ಬಿಟ್ಟರೂ ಕಷ್ಟ.

ಹೋದ ವರ್ಷ ಕಾರಹುಣ್ಣಿಮೆಗೆ ಮುಂಚೆ ತಾವಾಗಿಯೇ ಫೋನ್ ಮಾಡಿದರು. "ಮಾವುಲಿ ಪಾಲಖಿ ನಿಮ್ಮ ಕಡೆ ಘಾಟ ಏರ್ತೈತೆಲಾ, ನನಗ ಅದನ್ನ ತೋರಸ್ತಿಯೇನು?" ಜ್ಯೇಷ್ಠದ ಬಹುಳ ಅಷ್ಟಮಿಗೆ ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿ ಪುಣೆಯಲ್ಲಿ ತಂಗಿ, ಆಮೇಲೆ ದಿವೇ ಘಾಟು ಏರಿ ಸಾಸವಡಕ್ಕೆ ಹೋಗುತ್ತದೆ. ಅಲ್ಲಿಂದ ಜೇಜೂರಿ ಮೇಲೆ ಹಾದು, ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ. ತುಕಾರಾಮರ ಪಾಲಖಿ ಹಡಪಸರದಲ್ಲಿ ಬೇರೆಯಾಗಿ ಸೋಲಾಪುರ ರಸ್ತೆ ಹಿಡಿಯುತ್ತದೆ. ಅಪ್ಪ ಪಂಢರಪುರಕ್ಕೆ ನಮ್ಮೂರಿನಿಂದ ಹಲವು ಸಲ ನಡೆದವರು. ಆದರೆ ಘಾಟು ಏರುವ ಪಾಲಖಿ ನೋಡಿರಲಿಲ್ಲ. ಜ್ಞಾನೇಶ್ವರರ ಅಭಂಗವೊಂದು ವಿಠ್ಠಲನನ್ನು ಕನ್ನಡದವನು, ಕರ್ನಾಟಕದವನು ಎಂದೇ ಕರೆದಿದೆ. ಅಪ್ಪನಿಗೆ ಅಭಂಗ ಗೊತ್ತಿಲ್ಲ, ಆದರೆ ಆ ಮಾತಿನ ಬಗ್ಗೆ ಯಾವ ಅನುಮಾನವೂ ಇಲ್ಲ. ಅವರ ಪಾಲಿಗೆ ವಿಠ್ಠಲ ನಮ್ಮ ಹೊಳೆಯ ದಂಡೆಯವನು.

ಅರವತ್ತೆಂಟು ವಯಸ್ಸು, ಎಡ ಮಂಡಿ ಸವೆದಿದೆ. ಸೋಲಾಪುರದಲ್ಲಿ ರೈಲು ಹತ್ತಿ ಬಂದರು. ಆ ದಿನ ದಿವೇ ಘಾಟಿನಲ್ಲಿ ವಾಹನ ಬಂದ್. ಸಾಸವಡದ ವಾಹನಗಳೆಲ್ಲ ನಮ್ಮ ಬೋಪದೇವದ ಮೇಲೆ. ಉಂಡ್ರಿ, ಹಾಂಡೇವಾಡಿ ಮೂಲಕ ವಡಕಿಯ ಹತ್ತಿರ ಬಂದು, ಕಾರು ದೂರದಲ್ಲೇ ಬಿಟ್ಟು, ನಾನು, ಹೆಂಡತಿ, ಅಪ್ಪ ನಡೆಯತೊಡಗಿದೆವು. ಕೆಳಗೆ ಮಸ್ತಾನಿ ಕೆರೆ. ಮೇಲೆ ನೋಡಿದರೆ ಘಾಟಿನ ತಿರುವುಗಳಲ್ಲಿ ರಸ್ತೆಯೇ ಕಾಣುವುದಿಲ್ಲ, ಬಿಳಿ ಟೋಪಿ, ಕೇಸರಿ ಪತಾಕೆ, ಹೆಂಗಸರ ತಲೆಯ ಮೇಲಿನ ತುಳಸಿ ಬೃಂದಾವನಗಳ ಹೊಳೆಯೊಂದು ಮೇಲಕ್ಕೆ ಹರಿಯುತ್ತಿದೆ. ಬೆಳಿಗ್ಗೆ ಪುಣೆಯಿಂದ ಹೊರಟವರು ಅವರು. ಆ ದಿನದ ನಡಿಗೆ ಸುಮಾರು ಮೂವತ್ತು ಕಿಲೋಮೀಟರ್, ಕೊನೆಗೆ ಈ ಏರು. ಹರಿದ ಚಪ್ಪಲಿ, ಪ್ಲಾಸ್ಟಿಕ್ ಹೊದಿಕೆ, ಕೈಯಲ್ಲಿ ತಾಳ. ಹತ್ತು ಸಾವಿರದ ನನ್ನ ಚಾರಣದ ಬೂಟನ್ನು ನೋಡಿಕೊಂಡೆ. ಮಾತಾಡಲಿಲ್ಲ.

ರಥ ಬಂದಾಗ ಎಲ್ಲರೂ ಪಾದುಕೆಗೆ ಕೈ ಮುಗಿದರೆ ಅಪ್ಪ ಎತ್ತುಗಳನ್ನು ನೋಡುತ್ತ ನಿಂತುಬಿಟ್ಟರು. ಈ ಏರಿಗಾಗಿ ರಥಕ್ಕೆ ಹೆಚ್ಚಿನ ಎತ್ತಿನ ಜೋಡಿಗಳನ್ನು ಹೂಡುತ್ತಾರೆ. "ನೋಡ ತಮ್ಮಾ, ಮುಂದಿನ ಜೋಡಿ ಎಳಿಯಾಕತ್ತೈತಿ. ಹಿಂದಿಂದು ಬರೇ ನಡ್ಯಾಕತ್ತೈತಿ" ಅಂದರು. ನಮ್ಮ ಆಫೀಸಿನ ತಂಡದ ಬಗ್ಗೆ ಇಷ್ಟು ಸರಿಯಾದ ವರದಿಯನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಅರ್ಧ ಘಾಟು ಏರುವಷ್ಟರಲ್ಲಿ ಅಪ್ಪನ ನಡಿಗೆ ಬದಲಾಯಿತು. ಎಡಗಾಲು ಇಡುವಾಗ ತುಟಿ ಬಿಗಿಯುತ್ತಿದ್ದರು. ನನ್ನೊಳಗೆ ಎರಡು ದನಿ. ಇಷ್ಟು ದೂರ ಬಂದು ತುದಿ ತೋರಿಸದೆ ಹೇಗೆ? ಎರಡೇ ತಿರುವು ಉಳಿದಿವೆ. ಎರಡೇ! ಆ ಪದ ನಾಲಗೆಯ ತುದಿಗೆ ಬಂದದ್ದೇ ಕಾತ್ರಜದ ಮಧ್ಯಾಹ್ನ ನೆನಪಾಯಿತು. "ಅಪ್ಪಾ, ಕೂಡು. ಇಲ್ಲಿಗೆ ಸಾಕು" ಅಂದೆ. ಅವರು ಹಟ ಮಾಡುತ್ತಾರೆ ಅಂದುಕೊಂಡಿದ್ದೆ. ತಕ್ಷಣ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತರು. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬರು ಆಳಂದ ಕಡೆಯವರು, ನಮ್ಮ ಕನ್ನಡ ಕೇಳಿ ಗಂಟು ಬಿಚ್ಚಿ ಹುರಿದ ಶೇಂಗಾ ಕೊಟ್ಟರು. ಎರಡು ನಿಮಿಷದಲ್ಲಿ ಅಪ್ಪನೂ ಅವರೂ ಮಳೆ, ತೊಗರಿ, ರೇಟು ಎಂದು ಮಾತಿಗಿಳಿದರು.

ಆಮೇಲೆ ನನ್ನ ಕಡೆ ತಿರುಗಿ, "ನಾ ಇಲ್ಲೇ ಕುಂದರ್ತೀನಿ. ನೀ ಹೋಗು. ಆದರ ತುದಿ ಮುಟ್ಟಿ ಹೊಳ್ಳಿ ಬರಬ್ಯಾಡ. ಆ ಕಡೆ ಏನೈತಿ ನೋಡ್ಕೊಂಡು ಬಾ" ಅಂದರು. ಹೆಂಡತಿಯೂ, "ಹೋಗಿ ಬರ್ರಿ, ನಾ ಮಾವಾರ ಜೋಡಿ ಇರ್ತೀನಿ, ಗದ್ದಲ ಕಡಿಮಿ ಆದಮ್ಯಾಲ ಸಾವಕಾಶ ಇಳೀತೀವಿ" ಅಂದಳು.

ಹೊಳೆಯ ಜೊತೆ ಏರಿದೆ. ನೆತ್ತಿ ದಾಟಿದಾಗ ಯಾರೂ ನಿಲ್ಲಲಿಲ್ಲ, ಯಾರೂ ಕೈ ಎತ್ತಿ ಕೂಗಲಿಲ್ಲ. ನಡೆಯುತ್ತಲೇ ಇದ್ದರು. ಅವರಿಗೆ ಘಾಟು ದಾರಿಯ ಒಂದು ತುಣುಕು ಅಷ್ಟೇ. ಆ ಕಡೆ ಗಾಳಿ ಬದಲಾಯಿತು. ಸಾಸವಡದ ಬಯಲು ಹರಡಿಕೊಂಡಿತ್ತು, ಅಂಜೂರ, ಸೀತಾಫಲದ ತೋಟಗಳು, ಹಿಂದೆ ಮೋಡದಲ್ಲಿ ಅರ್ಧ ಮುಳುಗಿದ ಪುರಂದರ ಕೋಟೆ. 1665ರಲ್ಲಿ ಶಿವಾಜಿ ಮೊಘಲರ ಜಯಸಿಂಗನೊಂದಿಗೆ ಒಪ್ಪಂದ ಮಾಡಿಕೊಂಡು 23 ಕೋಟೆ ಬಿಟ್ಟುಕೊಟ್ಟದ್ದು ಅದರ ಬುಡದಲ್ಲೇ. ಹಿಂದೆ ಸರಿಯುವುದು ಸೋಲಲ್ಲ ಎಂದು ಹೇಳಲು ಅದಕ್ಕಿಂತ ದೊಡ್ಡ ಸಾಕ್ಷಿ ಈ ಸೀಮೆಯಲ್ಲಿ ಬೇರೆ ಇಲ್ಲ. ಬಿಟ್ಟವನು ಕೆಲವೇ ವರ್ಷಗಳಲ್ಲಿ ಮತ್ತೆ ಪಡೆದ.

ನೆಟ್‌ವರ್ಕ್ ಸಿಗದೆ ಒಂದು ಗಂಟೆ ಒದ್ದಾಡಿ ಅಪ್ಪನಿಗೆ ಫೋನ್ ಮಾಡಿದೆ.

"ಏನೈತಿ?"

"ಕರ್ಹಾ ಅಂತ ಸಣ್ಣ ಹೊಳಿ ಐತಿ ಅಪ್ಪಾ. ಅದು ಜೇಜೂರಿ ಕಡೆ ಹೋಗಿ, ಮುಂದ ನೀರಾ ಹೊಳಿ ಕೂಡ್ತೈತಿ. ನೀರಾ ಹೋಗಿ ಭೀಮಾ ಕೂಡ್ತೈತಿ."

"ಮತ್ತ ಈ ಕಡೆ ಬಿದ್ದ ನೀರು?"

"ಅದು ಮುಳಾ ಮುಠಾಕ್ಕ ಹೋಗಿ, ಅದೂ ಭೀಮಾನ ಕೂಡ್ತೈತಿ."

"ಅಂದ್ರ ಘಾಟಿನ ಯಾವ ಕಡೆ ಬಿದ್ರೂ ನಮ್ಮೂರಿಗೇ ಬರ್ತೈತಿ" ಅಂದರು ಅಪ್ಪ. ಹನ್ನೊಂದು ವರ್ಷ ಆ ನೀರಿನ ಮೇಲ್ಗಡೆ ಕೂತು ನಾನು ಊರಿಗೆ ಎಷ್ಟು ದೂರ ಎಂದು ಕಿಲೋಮೀಟರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಬೋಪದೇವದ ನೆತ್ತಿಯಲ್ಲಿ ನಾನು ಒರೆಸಿಕೊಂಡ ಮಳೆಹನಿಗಳ ಪಾಲುದಾರರು ಪಂಢರಪುರ ದಾಟಿ, ಇಂಡಿಯ ನಿಂಬೆಗಿಡದ ಬುಡದಲ್ಲಿ ಕಾಯುತ್ತಿದ್ದರು.

ಮುಂದಿನ ಭಾನುವಾರ ಬೋಪದೇವದ ಮೇಲೆ ಚಹಾ ಕುಡಿದು ಹಿಂದೆ ತಿರುಗಲಿಲ್ಲ. ಆ ಕಡೆ ಇಳಿದು, ಸಾಸವಡ ಮುಟ್ಟಿ, ದಿವೇ ಘಾಟಿನ ಮೇಲೆ ಸುತ್ತಿ ಮನೆಗೆ ಬಂದೆ. ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಆ್ಯಪ್ ಹೇಳಿತು, ನೆನಪಿಲ್ಲ. ಒಡಿಶಾದ ಗೆಳೆಯ ಈಗಲೂ ಜೊತೆಗೆ ಬರುತ್ತಾನೆ. ಎಲ್ಲರಿಗಿಂತ ಮುಂದೆ ಅವನನ್ನೇ ಬಿಡುತ್ತೇವೆ, ಅವನ ವೇಗವೇ ನಮ್ಮ ವೇಗ.

ಹೊರನಾಡಿನಲ್ಲಿರುವ ನೀವೂ ಒಮ್ಮೆ ನಿಮ್ಮ ಮನೆಯ ಹಿಂದಿನ ಗುಡ್ಡದ ನೀರು ಯಾವ ಕಡೆ ಹೋಗುತ್ತದೆ ಎಂದು ನೋಡಿ. ರಜೆ ಬೇಡ, ಹಿಮಾಲಯ ಬೇಡ. ಒಂದು ಭಾನುವಾರ ಸಾಕು.

ಅಪ್ಪನಿಗೆ ಆ ದಿನ ಇನ್ನೊಂದು ಸಂಗತಿ ಹೊಳೆದಿತ್ತು. ರೈಲು ಹತ್ತಿಸುವಾಗ ಹೇಳಿದರು: "ಜೇಜೂರಿ ಅಂದ್ರ ಖಂಡೋಬಾ. ನಮ್ಮ ಮೈಲಾರ ಮಲ್ಲಯ್ಯನ ಅಲ್ಲೇನೋ ತಮ್ಮಾ. ಮನಿದೇವರನ ಘಾಟಿನ ಆ ಕಡೆ ಇಟ್ಕೊಂಡು ನೀ ನೂರು ಸಲ ಚಹಾ ಕುಡದು ಬಂದಿಯಲ್ಲಾ. ಮುಂದಿನ ಸಲ ಅಲ್ಲಿಗಿ ಹೋಗೂಣು." ರೈಲು ಚಲಿಸಿದ ಮೇಲೆ ಕಿಟಕಿಯಿಂದ ಕೂಗಿ ಹೇಳಿದರು: "ಬಸ್ಸಿನ್ಯಾಗ! ನಿನ್ನ ಸೈಕಲ್ಲು ಬ್ಯಾಡ!"